ಮೂರನೆಯ ಸಾಲಾರ್ ಜಂಗ್

ನವಾಬ್ ಮೀರ್ ಯೂಸುಫ್ ಅಲಿ ಖಾನ್, ಮೂರನೆಯ ಸಾಲಾರ್ ಜಂಗ್ (ಜೂನ್ 13, 1889 – ಮಾರ್ಚ್ 2, 1949) ಹೈದರಾಬಾದ್ ಸಂಸ್ಥಾನದ ದಿವಾನರೂ ಕಲಾವಸ್ತುಗಳ ಸಂಗ್ರಾಹಕರೂ ಆಗಿದ್ದರು. ಇಂದಿನ ಕರ್ನಾಟಕದ ಕೊಪ್ಪಳ ಮತ್ತು ಯಲಬುರ್ಗಾ ಪ್ರದೇಶಗಳು ಅವರ ಮನೆತನದ ಜಾಗೀರಿಗೆ ಸೇರಿದ್ದವು. ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ದಿವಾನರಾದ ಅವರು ಎರಡೇ ವರ್ಷಗಳಲ್ಲಿ ಆ ಹುದ್ದೆಯನ್ನು ತೊರೆದರು. ಉಳಿದ ಆಯುಷ್ಯವನ್ನೂ ಜಾಗೀರಿನ ಆದಾಯದ ಬಹುಭಾಗವನ್ನೂ ಪುಸ್ತಕ, ಹಸ್ತಪ್ರತಿ, ಚಿತ್ರ, ಶಿಲ್ಪ, ಆಯುಧ ಮತ್ತು ಗಡಿಯಾರಗಳನ್ನು ಕೂಡಿಹಾಕಲು ವಿನಿಯೋಗಿಸಿದರು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಮೂಲ ಬಂಡವಾಳ ಈ ಸಂಗ್ರಹವೇ. ಗಂಟೆಗೊಮ್ಮೆ ಪುಟ್ಟ ಬೊಂಬೆಯೊಂದು ಹೊರಬಂದು ಗಂಟೆ ಬಾರಿಸುವ ಅಲ್ಲಿನ ಸಂಗೀತ ಗಡಿಯಾರವು ಇಡೀ ಸಂಗ್ರಹದಲ್ಲಿ ಅತ್ಯಂತ ಹೆಚ್ಚು ಜನರನ್ನು ಆಕರ್ಷಿಸುವ ವಸ್ತುಗಳಲ್ಲೊಂದಾಗಿದೆ.

ಮನೆತನದ ಹಿನ್ನೆಲೆ

ಸಾಲಾರ್ ಜಂಗ್ ಮನೆತನವು ತನ್ನ ಮೂಲವನ್ನು ಮದೀನಾದ ಶೇಖ್ ಉವೈಸ್ ಅವರಿಗೆ ಗುರುತಿಸಿಕೊಳ್ಳುತ್ತದೆ. ಈ ವಂಶದವರು ಹದಿನೇಳನೆಯ ಶತಮಾನದಲ್ಲಿ ವಿಜಯಪುರದ (ಬಿಜಾಪುರ) ಆದಿಲ್ ಶಾಹಿ ಆಸ್ಥಾನಕ್ಕೆ ಬಂದು ಅಲ್ಲಿ ಅಧಿಕಾರ ಸ್ಥಾನಗಳನ್ನು ಪಡೆದರು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದುಕೊಂಡ ಬಳಿಕ ಅವರು ಮೊಗಲರ ಸೇವೆಗೂ, ಮುಂದೆ ಹೈದರಾಬಾದಿನ ನಿಜಾಮರ ಸೇವೆಗೂ ಸೇರಿದರು.

ನಿಜಾಮ ಸಂಸ್ಥಾನದಲ್ಲಿ ದಿವಾನಗಿರಿಯು ಈ ಬಂಧುವರ್ಗದಲ್ಲಿ ಬಹುಕಾಲ ಉಳಿಯಿತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ನಿಜಾಮನ ಸೇನೆಯೊಂದಿಗಿದ್ದ ಮೀರ್ ಆಲಂ, ಅವರ ಅಳಿಯ ಮುನೀರ್-ಉಲ್-ಮುಲ್ಕ್ ಹಾಗೂ ಮುನೀರ್-ಉಲ್-ಮುಲ್ಕರ ಮಗ ಸಿರಾಜ್-ಉಲ್-ಮುಲ್ಕ್ ಒಬ್ಬರಾದ ಮೇಲೊಬ್ಬರು ಆ ಪದವಿಗೆ ಬಂದರು. 1853ರಲ್ಲಿ ಸಿರಾಜ್-ಉಲ್-ಮುಲ್ಕ್ ತೀರಿಕೊಂಡಾಗ ಅವರ ಸೋದರನ ಮಗ ಮೀರ್ ತುರಾಬ್ ಅಲಿ ಖಾನ್ ದಿವಾನರಾದರು. ಮೊದಲನೆಯ ಸಾಲಾರ್ ಜಂಗ್ ಎಂದು ಪ್ರಸಿದ್ಧರಾದವರು ಇವರೇ. 1829ರಲ್ಲಿ ವಿಜಯಪುರದಲ್ಲಿ ಜನಿಸಿದ ಇವರು ಮೂವತ್ತು ವರ್ಷಗಳ ಕಾಲ ಸಂಸ್ಥಾನದ ಆಡಳಿತ ನಡೆಸಿ, ಕಂದಾಯ ವ್ಯವಸ್ಥೆಯನ್ನು ಸುಧಾರಿಸಿ, ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. 1857–58ರ ಹೋರಾಟದ ಕಾಲದಲ್ಲಿ ಅವರು ಬ್ರಿಟಿಷರ ಪಕ್ಷ ವಹಿಸಿದರು. ಅದೇ ಅವಧಿಯಲ್ಲಿ, 1858ರಲ್ಲಿ, ಮುಂಡರಗಿ ಭೀಮರಾಯನು ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಕೊಪ್ಪಳದ ಕೋಟೆಯನ್ನು ಹಿಡಿದು ಬ್ರಿಟಿಷರೊಡನೆ ಹೋರಾಡಿ ಮಡಿದನು.

ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ಯುರೋಪ್ ಪ್ರವಾಸ ಕೈಗೊಂಡು, ಇಟಲಿಯ ಶಿಲ್ಪಿ ಜೊವಾನ್ನಿ ಮಾರಿಯಾ ಬೆಂಜೋನಿ ರಚಿಸಿದ ಮುಸುಕುಧಾರಿ ರೆಬೆಕಾಳ ಅಮೃತಶಿಲೆಯ ಪ್ರತಿಮೆಯನ್ನು ಪಡೆದುಕೊಂಡರು. ಮುಂದೆ ಮೊಮ್ಮಗನ ಕಾಲದಲ್ಲಿ ಬೃಹತ್ತಾಗಿ ಬೆಳೆದ ಸಂಗ್ರಹಕ್ಕೆ ಬೀಜ ಬಿದ್ದದ್ದು ಅಜ್ಜನ ಕಾಲದಲ್ಲಿಯೇ. ಅವರು 1883ರಲ್ಲಿ ನಿಧನರಾದ ನಂತರ ಮಗ ಮೀರ್ ಲಾಯಕ್ ಅಲಿ ಖಾನ್, ಎರಡನೆಯ ಸಾಲಾರ್ ಜಂಗ್, 1884ರಿಂದ 1887ರವರೆಗೆ ದಿವಾನರಾಗಿದ್ದರು.

ಜನನ ಮತ್ತು ಬಾಲ್ಯ

ಮೀರ್ ಯೂಸುಫ್ ಅಲಿ ಖಾನ್ ಪುಣೆಯಲ್ಲಿ ಜನಿಸಿದರು. ಮಗುವಿಗೆ ಒಂದು ತಿಂಗಳು ತುಂಬುವ ಮೊದಲೇ, 1889ರ ಜುಲೈ ತಿಂಗಳಿನಲ್ಲಿ, ತಂದೆ ಲಾಯಕ್ ಅಲಿ ಖಾನ್ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡರು. ಹೀಗೆ ತೊಟ್ಟಿಲಲ್ಲಿದ್ದಾಗಲೇ ಅವರು ಸಂಸ್ಥಾನದ ಅತಿ ದೊಡ್ಡ ಜಾಗೀರುಗಳಲ್ಲೊಂದರ ಉತ್ತರಾಧಿಕಾರಿಯಾದರು. ಅವರು ಪ್ರಾಪ್ತ ವಯಸ್ಕರಾಗುವವರೆಗೆ ಜಾಗೀರಿನ ಆಡಳಿತವು ನಿಜಾಮ ಸರ್ಕಾರದ ಮೇಲ್ವಿಚಾರಣೆಯಲ್ಲಿ ನಡೆಯಿತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಬಾಲಕನ ಯೋಗಕ್ಷೇಮದಲ್ಲಿ ಆಸಕ್ತಿ ವಹಿಸಿ, ಮನೆತನದ ಸಾಲಾರ್ ಜಂಗ್ ಬಿರುದನ್ನು ಆತನಿಗೆ ನೀಡಿದರು. ಯೂಸುಫ್ ಅಲಿ ಖಾನರ ಶಿಕ್ಷಣ ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ನಡೆಯಿತು.

ಅವರು ಬೆಳೆದದ್ದು ಮೂಸಿ ನದಿಯ ದಕ್ಷಿಣ ಭಾಗದ ಹಳೆಯ ನಗರದಲ್ಲಿದ್ದ ದಿವಾನ್ ದೇವಡಿ ಎಂಬ ಅರಮನೆಯಲ್ಲಿ. ಕನ್ನಡಿಗಳಿಂದ ಅಲಂಕೃತವಾದ ಆಯಿನಾ ಖಾನಾ, ಪಿಂಗಾಣಿಯಿಂದ ಸಿಂಗರಿಸಿದ ಚೀನಿ ಖಾನಾ ಮೊದಲಾದ ವಿಭಾಗಗಳಿದ್ದ ಈ ಅರಮನೆಯಲ್ಲಿ ತಲೆಮಾರುಗಳಿಂದ ಬಂದ ಬೆಲೆಬಾಳುವ ವಸ್ತುಗಳಿದ್ದವು.

ದಿವಾನ ಪದವಿ

1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ಮರುವರ್ಷ ಮಹಾರಾಜ ಕಿಷನ್ ಪರ್ಷಾದರ ಸ್ಥಾನದಲ್ಲಿ ಯೂಸುಫ್ ಅಲಿ ಖಾನರನ್ನು ದಿವಾನರನ್ನಾಗಿ ನೇಮಿಸಿದರು. 1912ರ ಜುಲೈಯಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿಗೆ 23 ವರ್ಷ. ನಿಜಾಮರೂ ಆಗ ಇಪ್ಪತ್ತರ ಹರೆಯದವರೇ ಆಗಿದ್ದರು. ಸ್ವತಃ ಆಡಳಿತ ನಡೆಸಲು ಬಯಸುತ್ತಿದ್ದ ಅರಸನಿಗೂ ದಿವಾನರಿಗೂ ಭಿನ್ನಾಭಿಪ್ರಾಯಗಳು ಬೆಳೆದವು. 1914ರ ನವೆಂಬರಿನಲ್ಲಿ ಸಾಲಾರ್ ಜಂಗ್ ಹುದ್ದೆಯಿಂದ ನಿವೃತ್ತರಾದರು. ಆ ಬಳಿಕ 1919ರಲ್ಲಿ ಕಾರ್ಯನಿರ್ವಾಹಕ ಮಂಡಲಿ ರಚನೆಯಾಗುವವರೆಗೆ ನಿಜಾಮರು ದಿವಾನರಿಲ್ಲದೆ ನೇರ ಆಡಳಿತ ನಡೆಸಿದರು.

ಅಜ್ಜ ಮೂವತ್ತು ವರ್ಷ ನಿರ್ವಹಿಸಿದ ಹುದ್ದೆಯು ಮೊಮ್ಮಗನಿಗೆ ದಕ್ಕಿದ್ದು ಎರಡು ವರ್ಷ ಮಾತ್ರ. ಈ ಮನೆತನದಿಂದ ಆ ಸ್ಥಾನಕ್ಕೇರಿದವರಲ್ಲಿ ಅವರೇ ಕೊನೆಯವರು. ಇಪ್ಪತ್ತೈದನೆಯ ವಯಸ್ಸಿಗೆ ರಾಜಕೀಯ ಜೀವನ ಮುಗಿದಾಗ ಅವರ ಬಳಿ ಅಪಾರ ಆದಾಯವೂ ಬಿಡುವೂ ಇದ್ದವು. ಅವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ಕೊಪ್ಪಳ ಜಾಗೀರು

ಸಾಲಾರ್ ಜಂಗ್ ಜಾಗೀರು ಒಂದೇ ಕಡೆಯಲ್ಲಿರದೆ ಸಂಸ್ಥಾನದ ಬೇರೆ ಬೇರೆ ಭಾಗಗಳಲ್ಲಿ ಹರಡಿಕೊಂಡಿತ್ತು. ಅದರ ಕನ್ನಡ ಭಾಗವೇ ಕೊಪ್ಪಳ ಮತ್ತು ಯಲಬುರ್ಗಾ. ಜಾಗೀರು ಎಂದರೆ ನಿಗದಿತ ಪ್ರದೇಶದ ಕಂದಾಯವನ್ನು ಅನುಭವಿಸುವ ಹಕ್ಕು. ದೊಡ್ಡ ಜಾಗೀರುದಾರರಿಗೆ ತಮ್ಮ ಪ್ರದೇಶದಲ್ಲಿ ಆಡಳಿತದ ಅಧಿಕಾರವೂ ಇರುತ್ತಿತ್ತು. ಜೋಳ, ಹತ್ತಿ ಬೆಳೆಯುವ ಈ ಮಳೆಯಾಶ್ರಿತ ಸೀಮೆಯ ರೈತರು ತೆತ್ತ ಕಂದಾಯವು ಹೈದರಾಬಾದಿನ ದಿವಾನ್ ದೇವಡಿಗೆ ಸಲ್ಲುತ್ತಿತ್ತು. ಸಾಲಾರ್ ಜಂಗರ ಸಂಗ್ರಹಕ್ಕೆ ವೆಚ್ಚವಾದ ಹಣದ ಮೂಲಗಳಲ್ಲಿ ಇದೂ ಒಂದು.

ಕೊಪ್ಪಳಕ್ಕೆ ಪಶ್ಚಿಮದಲ್ಲಿದ್ದ ಗದಗ ಮತ್ತು ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಗದಗದಿಂದ ಹೊಸಪೇಟೆಯ ಕಡೆಗೆ ಸಾಗುವ ರೈಲು ಮಾರ್ಗವು ಕೊಪ್ಪಳವನ್ನು ಹಾದು ಹೋಗುತ್ತಿತ್ತು. ಒಂದೇ ಭಾಷೆ, ಒಂದೇ ಬೆಳೆ, ನೆಂಟಸ್ತಿಕೆಗಳಿದ್ದ ಈ ನೆರೆಹೊರೆಯ ಊರುಗಳ ನಡುವೆ ಎರಡು ಆಡಳಿತಗಳ ಗಡಿ ಇತ್ತು.

ಮೂರನೆಯ ಸಾಲಾರ್ ಜಂಗರ ಕಾಲದಲ್ಲಿಯೇ, 1931ರಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದವು. ನಿಜಾಮ ಸರ್ಕಾರದ ಪುರಾತತ್ವ ಇಲಾಖೆಯು ಮರುವರ್ಷವೇ ಅವುಗಳನ್ನು ಪ್ರಕಟಿಸಿತು. ಕೊಪ್ಪಳದ ಕನ್ನಡ ಶಾಸನಗಳ ಸಂಪುಟವು 1935ರಲ್ಲಿ ಅದೇ ಮಾಲೆಯಲ್ಲಿ ಹೊರಬಂದಿತು.

ಕಲಾವಸ್ತುಗಳ ಸಂಗ್ರಹ

ದಿವಾನಗಿರಿಯಿಂದ ಹೊರಬಂದ ಮೇಲೆ ಸುಮಾರು ಮೂವತ್ತೈದು ವರ್ಷಗಳ ಕಾಲ ಸಾಲಾರ್ ಜಂಗ್ ಸಂಗ್ರಹ ಕಾರ್ಯದಲ್ಲಿ ತೊಡಗಿದರು. ಅವರ ಆಸಕ್ತಿ ಒಂದು ದೇಶಕ್ಕೋ ಒಂದು ಕಾಲಕ್ಕೋ ಒಂದು ಬಗೆಯ ವಸ್ತುವಿಗೋ ಸೀಮಿತವಾಗಿರಲಿಲ್ಲ. ಪರ್ಷಿಯನ್ ಮತ್ತು ಅರಬ್ಬಿ ಹಸ್ತಪ್ರತಿಗಳು, ಮೊಗಲ್ ಹಾಗೂ ದಖ್ಖನಿ ಕಿರುಚಿತ್ರಗಳು, ಬೀದರಿನ ಬಿದ್ರಿ ಕುಸುರಿ ಸಾಮಾನುಗಳು, ಜೇಡ್ ಕಲ್ಲಿನ ವಸ್ತುಗಳು, ಚೀನಾ ಮತ್ತು ಜಪಾನಿನ ಪಿಂಗಾಣಿ, ಯುರೋಪಿನ ತೈಲಚಿತ್ರಗಳು, ಗಾಜಿನ ಸಾಮಾನು, ಪೀಠೋಪಕರಣ, ದಂತದ ಕೆತ್ತನೆ, ಮಕ್ಕಳ ಆಟಿಕೆಗಳು ಎಲ್ಲವೂ ಅವರ ಮನೆ ಸೇರಿದವು.

ಅವರ ಆಸಕ್ತಿಯ ಸುದ್ದಿ ಹರಡಿದಂತೆ ದೇಶದ ನಾನಾ ಕಡೆಗಳಿಂದ ವ್ಯಾಪಾರಿಗಳು ದಿವಾನ್ ದೇವಡಿಗೆ ವಸ್ತುಗಳನ್ನು ತರತೊಡಗಿದರು. ಹೊರದೇಶಗಳಲ್ಲಿದ್ದ ಪ್ರತಿನಿಧಿಗಳು ಪ್ರಸಿದ್ಧ ಮಾರಾಟಗಾರರ ಪಟ್ಟಿಗಳನ್ನು ಕಳುಹಿಸುತ್ತಿದ್ದರು. ಸ್ವತಃ ಯುರೋಪ್ ಮತ್ತು ಮಧ್ಯಪ್ರಾಚ್ಯದ ದೇಶಗಳಲ್ಲಿ ಪ್ರವಾಸ ಮಾಡಿದಾಗಲೂ ಅವರು ವಸ್ತುಗಳನ್ನು ಕೊಂಡರು. ಕವಿಗಳು, ಲೇಖಕರು ಮತ್ತು ವಿದ್ವಾಂಸರಿಗೂ ಅವರ ಆಶ್ರಯವಿತ್ತು.

ಸಂಗೀತ ಗಡಿಯಾರ

ಸಾಲಾರ್ ಜಂಗರ ಸಂಗ್ರಹದಲ್ಲಿ ಫ್ರಾನ್ಸ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿ ಮೊದಲಾದ ದೇಶಗಳ ಗಡಿಯಾರಗಳಿವೆ. ನೆಲದ ಮೇಲೆ ನಿಲ್ಲಿಸುವ ಎತ್ತರದ ಗಡಿಯಾರ, ಒಳಗಿನ ಚಕ್ರಗಳು ಕಾಣುವ ಗಡಿಯಾರ, ಹಕ್ಕಿಯ ಪಂಜರದ ಆಕಾರದ ಗಡಿಯಾರ ಹೀಗೆ ಅವುಗಳ ಬಗೆಗಳು ಹಲವು. ಇವುಗಳಲ್ಲಿ ಹೆಸರುವಾಸಿಯಾದದ್ದು ಸಂಗೀತ ಗಡಿಯಾರ.

ಇದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಬ್ರಾಕೆಟ್ ಗಡಿಯಾರ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಸಂಸ್ಥೆಯ ಹೆಸರಿನೊಂದಿಗೆ ಇದು ಗುರುತಿಸಲ್ಪಡುತ್ತದೆ. ಇದರ 350ಕ್ಕೂ ಹೆಚ್ಚು ಬಿಡಿಭಾಗಗಳನ್ನು ಭಾರತದಲ್ಲಿ ಜೋಡಿಸಲಾಯಿತೆಂದು ಹೇಳಲಾಗುತ್ತದೆ. ಮುಖ್ಯ ಮುಖಫಲಕದ ಜೊತೆಗೆ ವಾರ, ತಾರೀಖು ಮತ್ತು ತಿಂಗಳನ್ನು ತೋರಿಸುವ ಚಿಕ್ಕ ಫಲಕಗಳೂ ಇವೆ. ಗಡಿಯಾರದ ಮೇಲಂತಸ್ತು ಬಾಗಿಲುಳ್ಳ ಪುಟ್ಟ ಮನೆಯಂತಿದೆ. ಗಂಟೆ ತುಂಬಲು ಸುಮಾರು ಮೂರು ನಿಮಿಷಗಳಿರುವಾಗ ಬಾಗಿಲು ತೆರೆದು, ಗಡ್ಡವಿರುವ ಕಾವಲುಗಾರನ ಬೊಂಬೆಯೊಂದು ಹೊರಬರುತ್ತದೆ. ಗಂಟೆ ಎಷ್ಟೋ ಅಷ್ಟು ಬಾರಿ ಜಾಗಟೆಯನ್ನು ಬಾರಿಸಿ ಅದು ಮತ್ತೆ ಒಳಗೆ ಹೋಗುತ್ತದೆ. ಇನ್ನೊಂದು ಬೊಂಬೆ ಕಮ್ಮಾರನದು. ಸುತ್ತಿಗೆ ಹಿಡಿದ ಈ ಕಮ್ಮಾರ ಬಿಡುವಿಲ್ಲದೆ ಬಡಿಯುತ್ತ ಸೆಕೆಂಡುಗಳನ್ನು ಎಣಿಸುತ್ತಾನೆ. ಹನ್ನೆರಡು ಗಂಟೆಗಳ ಲೆಕ್ಕದಲ್ಲಿ ಬಾರಿಸುವ ಗಡಿಯಾರವೊಂದು ಹಗಲಿರುಳು ಸೇರಿ ಒಟ್ಟು 156 ಪೆಟ್ಟುಗಳನ್ನು ಹೊಡೆಯುತ್ತದೆ.

ಇಂತಹ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಚಕ್ರಸರಣಿಗಳಿರುತ್ತವೆ. ಒಂದು ಸರಣಿಯು ಮುಳ್ಳುಗಳನ್ನು ನಡೆಸಿದರೆ, ಇನ್ನೊಂದು ಗಂಟೆ ಬಾರಿಸುತ್ತದೆ. ಎರಡನೆಯದು ಸದಾ ತಿರುಗದೆ ಅಗುಳಿಯೊಂದರಿಂದ ತಡೆಹಿಡಿಯಲ್ಪಟ್ಟಿರುತ್ತದೆ. ನಿಮಿಷದ ಮುಳ್ಳು ನಿಗದಿತ ಸ್ಥಾನಕ್ಕೆ ಬಂದಾಗ ಅಗುಳಿ ಸರಿದು, ಸುತ್ತಿದ ಸ್ಪ್ರಿಂಗಿನ ಅಥವಾ ತೂಗುಬಿಟ್ಟ ತೂಕದ ಶಕ್ತಿಯಿಂದ ಚಕ್ರಗಳು ತಿರುಗತೊಡಗುತ್ತವೆ. ಅಚ್ಚಿನ ಮೇಲೆ ಕೂರಿಸಿದ ಉಬ್ಬುತಗ್ಗಿನ ಬಿಲ್ಲೆಗಳು ಸನ್ನೆಕೋಲುಗಳನ್ನು ಎತ್ತಿ ಇಳಿಸುವುದರಿಂದ ಬೊಂಬೆಯ ಕೈಕಾಲುಗಳು ಆಡುತ್ತವೆ. ವಿದ್ಯುತ್ತಿನ ನೆರವಿಲ್ಲದೆ, ಕೀಲಿ ಕೊಟ್ಟಷ್ಟು ಕಾಲ ಇದು ನಡೆಯುತ್ತದೆ.

ಕಟ್ಟಡದ ಮುಖಭಾಗವೊಂದರಿಂದ ಬೊಂಬೆಗಳು ಹೊರಬಂದು ಹೊತ್ತು ಸಾರುವ ಕಲ್ಪನೆ ಬಹಳ ಹಳೆಯದು. 1206ರಲ್ಲಿ ತನ್ನ ಯಂತ್ರಗ್ರಂಥವನ್ನು ಪೂರೈಸಿದ ಅಲ್ ಜಜರಿಯು ಕೋಟೆಯಾಕಾರದ ನೀರಿನ ಗಡಿಯಾರವೊಂದನ್ನು ವರ್ಣಚಿತ್ರ ಸಹಿತ ವಿವರಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಚಿತ್ರಗಡಿಯಾರಗಳೂ ಪ್ರಚಾರದಲ್ಲಿದ್ದವು. ಇವುಗಳಲ್ಲಿ ಊರು, ಇಗರ್ಜಿ, ಸೇತುವೆಗಳ ದೃಶ್ಯವನ್ನು ಬಣ್ಣದಲ್ಲಿ ಬರೆದು, ಇಗರ್ಜಿಯ ಗೋಪುರದಲ್ಲಿ ನಿಜವಾದ ಪುಟ್ಟ ಗಡಿಯಾರವನ್ನು ಕೂರಿಸಲಾಗುತ್ತಿತ್ತು. ಚೌಕಟ್ಟಿನ ಹಿಂದೆ ಸಂಗೀತದ ಯಂತ್ರವಿರುತ್ತಿತ್ತು. ಕೆಲವು ಚಿತ್ರಗಳಲ್ಲಿ ಗಾಳಿಗಿರಣಿಯ ರೆಕ್ಕೆ, ಹಡಗು ಮೊದಲಾದವು ಚಲಿಸುತ್ತಿದ್ದವು. ಕರ್ನಾಟಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಫ್ರೆಂಚ್ ಸಂಗೀತ ಗಡಿಯಾರವು ಇದೇ ಸ್ವಯಂಚಲಿತ ಬೊಂಬೆಗಳ ಪರಂಪರೆಗೆ ಸೇರಿದೆ. ಅದರಲ್ಲಿ ಪುಟ್ಟ ಸೈನಿಕರು ಕವಾಯತು ನಡೆಸುತ್ತಾರೆ.

ಕೊನೆಯ ವರ್ಷಗಳು

ಸಾಲಾರ್ ಜಂಗರ ಜೀವನದ ಕೊನೆಯ ಘಟ್ಟದಲ್ಲಿ ಅವರ ಸುತ್ತಲಿನ ವ್ಯವಸ್ಥೆಯೇ ಕುಸಿಯುತ್ತಿತ್ತು. 1947ರಲ್ಲಿ ಭಾರತ ಸ್ವತಂತ್ರವಾದಾಗ ನಿಜಾಮರು ಒಕ್ಕೂಟವನ್ನು ಸೇರಲಿಲ್ಲ. ರಜಾಕಾರರ ಹಾವಳಿಯಿಂದಾಗಿ ಕೊಪ್ಪಳ ಸೀಮೆಯ ಅನೇಕರು ಗಡಿ ದಾಟಿ ನೆರೆಯ ಊರುಗಳಲ್ಲಿ ಆಶ್ರಯ ಪಡೆದರು. ವಿಮೋಚನಾ ಹೋರಾಟಗಾರರು ಗಡಿಯುದ್ದಕ್ಕೂ ಶಿಬಿರಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಂಡರಗಿಯ ಶಿಬಿರವನ್ನು ಕೊಪ್ಪಳ ತಾಲ್ಲೂಕಿನ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಮುನ್ನಡೆಸಿದರು. 1948ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಸ್ವತಂತ್ರ ಆಳ್ವಿಕೆ ಕೊನೆಗೊಂಡಿತು.

ಇದಾದ ಆರು ತಿಂಗಳೊಳಗೆ, 1949ರ ಮಾರ್ಚ್ 2ರಂದು, ಸಾಲಾರ್ ಜಂಗ್ ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಹೈದರಾಬಾದಿನಲ್ಲಿ ನಿಧನರಾದರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳನ್ನೆಲ್ಲ ಕಾನೂನಿನ ಮೂಲಕ ರದ್ದುಗೊಳಿಸಲಾಯಿತು. 1956ರ ನವೆಂಬರ್ 1ರಂದು ಕೊಪ್ಪಳ ಮತ್ತು ಯಲಬುರ್ಗಾ ರಾಯಚೂರು ಜಿಲ್ಲೆಯ ಭಾಗವಾಗಿ ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಕೊಪ್ಪಳವೂ ಅದರ ನೆರೆಯ ಗದಗವೂ 1997ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು.

ಸಂಗ್ರಹದ ಭವಿಷ್ಯ

ಸಾಲಾರ್ ಜಂಗರಿಗೆ ಪತ್ನಿಯಾಗಲಿ ಮಕ್ಕಳಾಗಲಿ ಇರಲಿಲ್ಲ. ದಿವಾನ್ ದೇವಡಿಯ ತುಂಬ ಇದ್ದ ಸಹಸ್ರಾರು ವಸ್ತುಗಳ ಒಡೆತನ ಯಾರದು ಎಂಬ ಪ್ರಶ್ನೆ ತಲೆದೋರಿತು. ವಾರಸುದಾರರೆಂದು ಹಕ್ಕು ಮಂಡಿಸಿದ ಬಂಧುಗಳ ನಡುವೆ ಸಂಗ್ರಹವು ಹಂಚಿಹೋಗಿದ್ದರೆ, ಒಬ್ಬ ವ್ಯಕ್ತಿ ಮೂರೂವರೆ ದಶಕ ಕೂಡಿಸಿದ್ದು ಚದುರಿಹೋಗುತ್ತಿತ್ತು. ಸರ್ಕಾರವು ಆಸ್ತಿಯ ನಿರ್ವಹಣೆಗಾಗಿ ಸಾಲಾರ್ ಜಂಗ್ ಎಸ್ಟೇಟ್ ಸಮಿತಿಯನ್ನು ನೇಮಿಸಿತು. ಹೈದರಾಬಾದಿನ ಆಡಳಿತದ ಮುಖ್ಯಸ್ಥರಾಗಿದ್ದ ಎಂ. ಕೆ. ವೆಲ್ಲೋಡಿ ಅವರು ಸಂಗ್ರಹವನ್ನು ವಸ್ತುಸಂಗ್ರಹಾಲಯವಾಗಿ ರೂಪಿಸಲು ಆಸಕ್ತಿ ವಹಿಸಿದರು. ಅರಮನೆಗಳಲ್ಲಿ ಹರಡಿಕೊಂಡಿದ್ದ ವಸ್ತುಗಳನ್ನು ವಿಂಗಡಿಸಿ ಜೋಡಿಸುವ ಹೊಣೆಯನ್ನು ಐರಿಷ್ ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ವಹಿಸಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸುವಲ್ಲಿಯೂ ಕಸಿನ್ಸ್ ಅವರ ಪಾತ್ರವಿತ್ತು.

1951ರ ಡಿಸೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರು ಅವರು ದಿವಾನ್ ದೇವಡಿಯಲ್ಲಿಯೇ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಒಡೆತನದ ವಿವಾದ ಮಾತ್ರ ಮುಂದುವರಿಯಿತು. ಕೊನೆಗೆ 1958ರಲ್ಲಿ ಹೈಕೋರ್ಟಿನ ಮೂಲಕ ರಾಜಿಯಾಗಿ, ವಾರಸುದಾರರು ಸಂಗ್ರಹವನ್ನು ಭಾರತ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಈ ಸಂಸ್ಥೆಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿ, ಅದರ ಆಡಳಿತವನ್ನು ಧರ್ಮದರ್ಶಿಗಳ ಮಂಡಲಿಗೆ ವಹಿಸಿತು. 1968ರಲ್ಲಿ ಸಂಗ್ರಹವನ್ನು ಮೂಸಿ ನದಿಯ ದಕ್ಷಿಣ ದಂಡೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಿಸಲಾಯಿತು.

ಪರಂಪರೆ

ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ 40,000ಕ್ಕೂ ಹೆಚ್ಚು ಕಲಾವಸ್ತುಗಳು, ಸಾವಿರಾರು ಹಸ್ತಪ್ರತಿಗಳು ಮತ್ತು ದೊಡ್ಡ ಗ್ರಂಥಾಲಯವಿವೆ. ಮುಸುಕುಧಾರಿ ರೆಬೆಕಾ, ಒಂದೇ ಮರದಲ್ಲಿ ಎರಡು ಬದಿಗೆ ಕೆತ್ತಿದ ಮೆಫಿಸ್ಟೊಫಿಲಿಸ್ ಮತ್ತು ಮಾರ್ಗರೆಟ್ಟಾ, ಜಹಾಂಗೀರ್ ಮತ್ತು ನೂರ್ ಜಹಾನರ ಕಿರುಗತ್ತಿಗಳು, ಟಿಪ್ಪು ಸುಲ್ತಾನನಿಗೆ ಫ್ರಾನ್ಸಿನ ಅರಸ ಕಳುಹಿಸಿದನೆನ್ನಲಾದ ದಂತದ ಕುರ್ಚಿಗಳು ಇಲ್ಲಿನ ಪ್ರಮುಖ ಆಕರ್ಷಣೆಗಳು. ಟಿಪ್ಪುವಿನದೇ ಆದ, ಮನುಷ್ಯನ ಮೇಲೆರಗಿದ ಹುಲಿಯ ಸ್ವಯಂಚಲಿತ ಬೊಂಬೆಯು ಶ್ರೀರಂಗಪಟ್ಟಣದ ಪತನದ ನಂತರ ಇಂಗ್ಲೆಂಡಿಗೆ ಹೋಗಿ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಸಾಲಾರ್ ಜಂಗರ ಸಂಗ್ರಹದಲ್ಲಿ ಉತ್ಕೃಷ್ಟ ಕೃತಿಗಳ ಜೊತೆಗೆ ಕೇವಲ ಕುತೂಹಲಕ್ಕಾಗಿ ಕೊಂಡ ವಸ್ತುಗಳೂ ಸೇರಿವೆ. ವಸ್ತುಗಳ ಈ ಮಿಶ್ರಣವೇ ವಿದ್ವಾಂಸರನ್ನೂ ಸಾಮಾನ್ಯ ಜನರನ್ನೂ ಒಂದೇ ಸೂರಿನಡಿ ತರಲು ಕಾರಣವಾಗಿದೆ. ಒಂದು ಕಾಲದಲ್ಲಿ ಜಾಗೀರುದಾರರ ಅತಿಥಿಗಳಿಗೆ ಮಾತ್ರ ಕಾಣಸಿಗುತ್ತಿದ್ದ ವಸ್ತುಗಳನ್ನು, ಜಾಗೀರಿಗೆ ಕಂದಾಯ ತೆತ್ತ ಊರುಗಳ ಇಂದಿನ ಪೀಳಿಗೆಯವರೂ ಟಿಕೆಟ್ ಪಡೆದು ನೋಡಬಹುದಾಗಿದೆ. ಸಂಗೀತ ಗಡಿಯಾರದ ಮುಂದೆ ಆಸನಗಳ ವ್ಯವಸ್ಥೆ ಇದ್ದು, ಗಂಟೆ ತುಂಬುವ ಹೊತ್ತಿಗೆ ಸಂದರ್ಶಕರು ಅಲ್ಲಿ ನೆರೆಯುತ್ತಾರೆ. ಹನ್ನೆರಡು ಪೆಟ್ಟುಗಳು ಕೇಳುವ ಮಧ್ಯಾಹ್ನದ ಹೊತ್ತಿನಲ್ಲಿ ಜನಸಂದಣಿ ವಿಶೇಷವಾಗಿರುತ್ತದೆ.